ಡಬ್ಬಿ ಅಜ್ಜಿಯ ಮೊಲದ ಬಿಸ್ಕತ್ತು

ದೊಡ್ಡ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಅಜ್ಜಿಗೆ ಮೂಗಿನ ತುದಿಗೆ ಸಿಟ್ಟು ಬಂತು. ಹೋದ ವಾರ ಎಡಗಡೆ ಇದ್ದ ಸೋಪು ಈ ವಾರ ಬಲಗಡೆಗೆ ಹೋಗಿತ್ತು. ಸಕ್ಕರೆ ಇದ್ದ ಜಾಗದಲ್ಲಿ ಪ್ಲಾಸ್ಟಿಕ್ ಬಕೆಟ್ಟುಗಳು ಕೂತಿದ್ದವು. ಯಾರನ್ನಾದರೂ ಕೇಳೋಣವೆಂದರೆ ಅಂಗಡಿಯವರಲ್ಲಿ ಒಂದು ನರಪಿಳ್ಳೆಯೂ ಕಾಣಲಿಲ್ಲ. ತಲೆಯ ಮೇಲೆ ಹಾಡೊಂದು ಮಾತ್ರ ಕಿವಿ ಹರಿದುಹೋಗುವಂತೆ ಕಿರುಚುತ್ತಿತ್ತು. ತಳ್ಳುಗಾಡಿಯ ಒಂದು ಚಕ್ರಕ್ಕೆ ತನ್ನದೇ ಹಟ. ಅಜ್ಜಿ ಮುಂದಕ್ಕೆ ತಳ್ಳಿದರೆ ಅದು ಪಕ್ಕಕ್ಕೆ ಎಳೆಯುತ್ತಿತ್ತು.

"ವಾರಕ್ಕೊಂದು ಸಲ ನಾನು ಹೀಗೆ ಅಡುಗೆಮನೆ ಅದಲುಬದಲು ಮಾಡಿದ್ರೆ, ಅತ್ತೆಗೆ ಅರಳುಮರಳು ಅಂತ ಸೊಸೆ ಬೀದಿಗೆಲ್ಲ ಹೇಳ್ತಿದ್ಲು," ಎಂದು ಅಜ್ಜಿ ಗೊಣಗಿಕೊಂಡಳು.

ಆದರೂ ಒಂದು ಸಾಮಾನು ಅವಳಿಗೆ ದೂರದಿಂದಲೇ ಕಂಡಿತು. ಹಳದಿ ಪೊಟ್ಟಣ, ಮೇಲೊಂದು ಬಿಳಿ ಮೊಲ. ಮೊಮ್ಮಗಳು ಪುಟ್ಟಿಗೆ ಹಾಲಿನ ಜೊತೆ ಈ ಮೊಲದ ಬಿಸ್ಕತ್ತೇ ಆಗಬೇಕು. ಈ ಸಲ ಮೊಲದ ಕಿವಿ ಪಕ್ಕದಲ್ಲಿ ಕೆಂಪು ನಕ್ಷತ್ರವೊಂದು ಬಂದಿತ್ತು. ಅದರಲ್ಲಿ 'ಈಗ ಇನ್ನಷ್ಟು ರುಚಿ!' ಎಂದು ಬರೆದಿತ್ತು. ಹಿಂದೆ ತಿರುಗಿಸಿದರೆ ಅಕ್ಷರಗಳೆಲ್ಲ ಇರುವೆ ಸಾಲಿನಂತೆ ಇದ್ದವು. ಅವುಗಳ ಅರ್ಧದ ಮೇಲೆ 'ಎರಡು ಕೊಂಡರೆ ಒಂದು ಉಚಿತ' ಎಂಬ ಚೀಟಿ ಬೇರೆ ಅಂಟಿಸಿದ್ದರು. ಅಜ್ಜಿ ಕನ್ನಡಕವನ್ನು ಮೇಲೆ ಕೆಳಗೆ ಮಾಡಿದಳು, ಆಗಲಿಲ್ಲ. ಇಷ್ಟು ವರ್ಷದಿಂದ ತರುತ್ತಿರುವ ಪೊಟ್ಟಣಕ್ಕೆ ಓದೋದೇನಿದೆ ಎಂದುಕೊಂಡು ಗಾಡಿಗೆ ಹಾಕಿದಳು.

ಬಿಲ್ಲು ಮಾಡುವ ಜಾಗದಲ್ಲಿ ಮನುಷ್ಯರ ಬದಲು ಯಂತ್ರ ನಿಂತಿತ್ತು. "ದಯವಿಟ್ಟು ವಸ್ತುವನ್ನು ಸರಿಯಾಗಿ ಇಡಿ," ಎಂದಿತು ಯಂತ್ರ.

"ಸರಿಯಾಗೇ ಇಟ್ಟಿದೀನಿ ಕಣೇ!" ಎಂದಳು ಅಜ್ಜಿ.

"ದಯವಿಟ್ಟು ವಸ್ತುವನ್ನು ಸರಿಯಾಗಿ ಇಡಿ."

ಹಿಂದೆ ನಿಂತವರು ಲೊಚಗುಟ್ಟಿದರು. ಅಜ್ಜಿಗೆ ನಾಚಿಕೆ, ಸಿಟ್ಟು ಎರಡೂ ಸೇರಿ ಬೆವರು ಕಿತ್ತುಬಂತು. ಹೇಗೋ ಸಾಮಾನು ಕೈಗೆ ಸಿಕ್ಕರೆ ಸಾಕೆಂದು ಮನೆ ಸೇರಿದಳು.

ಮನೆಗೆ ಬಂದರೆ ಅಡುಗೆಮನೆ ಅಜ್ಜಿಯ ರಾಜ್ಯ. ಅಲ್ಲಿ ಗೋಡೆಯುದ್ದಕ್ಕೂ ಫಳಫಳ ಹೊಳೆಯುವ ಡಬ್ಬಿಗಳು. ಅದಕ್ಕೇ ಬೀದಿಯಲ್ಲಿ ಅವಳಿಗೆ ಡಬ್ಬಿ ಅಜ್ಜಿ ಎಂದೇ ಹೆಸರು. ಅಂಗಡಿಯಿಂದ ತಂದದ್ದನ್ನೆಲ್ಲ ಅವತ್ತೇ ಕತ್ತರಿಸಿ ಡಬ್ಬಿಗೆ ಸುರಿದು, ಪೊಟ್ಟಣ ಮುದುರಿ ಕಸದ ಗಾಡಿಗೆ ಹಾಕಿದರೇ ಅವಳಿಗೆ ಸಮಾಧಾನ. ಮೊಲದ ಬಿಸ್ಕತ್ತನ್ನೂ ಹಾಗೇ ಮಾಡಿದಳು. ಡಬ್ಬಿಯಲ್ಲಿ ಹಳೆಯವು ಕಾಲು ಭಾಗ ಉಳಿದಿದ್ದವು. ಅವುಗಳ ಮೇಲೇ ಹೊಸವನ್ನು ಸುರಿದು, ಒಮ್ಮೆ ಕುಲುಕಿ, ಮುಚ್ಚಳ ಒತ್ತಿದಳು.

ಈಗ ಒಂದು ಮಾತು ಹೇಳಬೇಕು. ಪುಟ್ಟಿಗೆ ಕಡಲೆಬೀಜ ಆಗುವುದಿಲ್ಲ. ಅವಳು ಇನ್ನೂ ತೆವಳುವ ಕೂಸಾಗಿದ್ದಾಗ ಯಾರೋ ಬಾಯಿಗೆ ಚೂರು ಇಟ್ಟದ್ದಕ್ಕೆ ತುಟಿ ಊದಿ, ಮೈಯೆಲ್ಲ ದದ್ದು ಎದ್ದಿತ್ತು. ಈ ಮಗುವಿಗೆ ಕಡಲೆಬೀಜ ವಿಷ ಇದ್ದ ಹಾಗೆ, ಅದರ ಪುಡಿಯೂ ಸೋಕಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಜ್ಜಿಗಾದರೋ ಹುರಿದ ಕಡಲೆಬೀಜವೆಂದರೆ ಪ್ರಾಣ. ಸಂಜೆ ಹೊಸ್ತಿಲಲ್ಲಿ ಕೂತು ಸಿಪ್ಪೆ ಊದಿ ಊದಿ ತಿನ್ನುವುದೇ ಅವಳ ಸುಖವಾಗಿತ್ತು. ಡಾಕ್ಟರು ಹೇಳಿದ ದಿನವೇ ಆ ಡಬ್ಬಿಯನ್ನು ಖಾಲಿ ಮಾಡಿ ಬೋರಲು ಹಾಕಿದಳು. ಆಮೇಲೆ ಒಂದು ಕಾಳನ್ನೂ ಮುಟ್ಟಲಿಲ್ಲ, ಯಾರ ಮುಂದೆಯೂ ಹೇಳಿಕೊಳ್ಳಲೂ ಇಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಪುಟ್ಟಿಯ ತುಟಿ ಕೆಂಪಾಗಿ ಊದಿಕೊಂಡಿತು. ಅಜ್ಜಿ ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಔಷಧಿ ಕೊಟ್ಟರು, ಇಳಿಯಿತು. ಮುಂದಿನ ಕೆಲವು ದಿನ ಏನೂ ಇಲ್ಲ. ಪುಟ್ಟಿ ಅದೇ ಊಟ, ಅದೇ ಹಾಲು, ಅದೇ ಬಿಸ್ಕತ್ತು ತಿಂದು ಆಡಿಕೊಂಡಿದ್ದಳು. ಆಮೇಲೆ ಮತ್ತೆ ಊದಿತು. ಈ ಸಲ ತುಟಿಯ ಜೊತೆ ಕಣ್ಣುರೆಪ್ಪೆಯೂ ಬಾತು, ಕತ್ತಿನ ತುಂಬ ದದ್ದು ಎದ್ದವು.

"ಕಡಲೆಬೀಜ ಸೋಕಿರಬೇಕು. ಮನೇಲಿ ಯಾರಾದ್ರೂ ತಿಂದ್ರಾ?" ಎಂದು ಡಾಕ್ಟರು ಕೇಳಿದರು.

"ಇಲ್ಲಪ್ಪ, ನಮ್ಮ ಮನೆಗೆ ಅದು ಬಂದು ವರ್ಷಗಳಾದವು," ಎಂದಳು ಅಜ್ಜಿ. ಪಕ್ಕದಲ್ಲಿದ್ದ ಸೊಸೆ ಅತ್ತೆಯ ಮುಖವನ್ನೇ ನೋಡಿದಳು.

ಸೊಸೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಗಂಡ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಮಗುವನ್ನು ಹಗಲೆಲ್ಲ ಅತ್ತೆಯ ಕೈಗೆ ಒಪ್ಪಿಸಿ ಹೋಗುತ್ತಿದ್ದಳು. ಆ ಸಂಜೆ ಮನೆಗೆ ಬಂದಮೇಲೆ ಅವಳ ಒಳಗಿದ್ದದ್ದು ಹೊರಗೆ ಬಂತು.

"ಅತ್ತೆ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವೇನಾದ್ರೂ ಹೊರಗೆ ಎಲ್ಲಾದ್ರೂ... ಕಡಲೆಬೀಜ ತಿಂದು, ಅದೇ ಕೈಯಲ್ಲಿ ಮಗೂಗೆ ತಿನ್ನಿಸಿದ್ರಾ?"

"ಏನಂದೆ?"

"ನಿಮಗೆ ಅದು ಎಷ್ಟು ಇಷ್ಟ ಅಂತ ನಂಗೊತ್ತು. ಬಾಯಿಚಪಲ ಯಾರನ್ನೂ ಬಿಡಲ್ಲ. ನಿಜ ಹೇಳಿಬಿಡಿ, ನಾನು ಬಯ್ಯಲ್ಲ."

ಅಜ್ಜಿ ಪುಟ್ಟಿಯ ತಲೆಯ ಮೇಲೆ ಕೈಯಿಟ್ಟಳು. "ನನ್ನ ಮೊಮ್ಮಗಳ ಆಣೆ, ಇಲ್ಲ," ಎಂದಳು. ಅದಕ್ಕಿಂತ ದೊಡ್ಡ ಆಣೆ ಅವಳಿಗೆ ಗೊತ್ತಿರಲಿಲ್ಲ.

ಸೊಸೆ ಕಣ್ಣೊರೆಸಿಕೊಂಡಳು. "ಹಾಗಾದ್ರೆ ಹೇಗಾಯ್ತು ಹೇಳಿ? ನಾನು ಮನೇಲಿದ್ದ ದಿನ ಆಗಲ್ಲ, ನಿಮ್ಮ ಹತ್ರ ಬಿಟ್ಟ ದಿನವೇ ಆಗುತ್ತೆ. ಮುಂದಿನ ಸಲ ಮಗು ಉಸಿರು ನಿಂತುಹೋದ್ರೆ ನಾನು ಯಾರನ್ನ ಕೇಳ್ಲಿ? ಇನ್ನು ಮೇಲೆ ಅವಳನ್ನ ಬೇರೆ ಕಡೆ ಬಿಡ್ತೀನಿ ಅತ್ತೆ. ಮಕ್ಕಳನ್ನ ನೋಡ್ಕೊಳ್ಳೋ ಮನೆಯೊಂದಿದೆ. ಜಾಗ ಸಿಗೋವರೆಗೂ ನನ್ನ ಜೊತೆ ಲಾಂಡ್ರಿಗೇ ಕರ್ಕೊಂಡು ಹೋಗ್ತೀನಿ."

ಮಾರನೆಯ ಬೆಳಿಗ್ಗೆ ಸೊಸೆ ಮಗುವಿಗೆ ಹೊತ್ತು ಕಳೆಯಲು ಗೊಂಬೆ, ನೀರು, ಒಂದು ಪುಟ್ಟ ಡಬ್ಬಿಯಲ್ಲಿ ತಿಂಡಿ ಎಲ್ಲ ಚೀಲಕ್ಕೆ ತುಂಬಿ ಹೊರಟಳು. ಪುಟ್ಟಿ ತಿರುತಿರುಗಿ "ಅಜ್ಜಿ ಬಾ" ಎನ್ನುತ್ತಿದ್ದಳು. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಖಾಲಿ ಮನೆ ಅವಳನ್ನು ತಿನ್ನಲು ಬಂತು. ನಾನೇ ಎಲ್ಲೋ ಮರೆತು ಮುಟ್ಟಿದೆನಾ, ನನಗೇ ಮರೆವು ಬಂತಾ ಎಂದು ತನ್ನ ಮೇಲೇ ಅನುಮಾನ ಶುರುವಾಯಿತು. ಅದು ಸೊಸೆಯ ಮಾತಿಗಿಂತ ಹೆಚ್ಚು ನೋವು ಕೊಟ್ಟಿತು.

ಆಗ ಬಂದವಳೇ ಎದುರು ಮನೆಯ ನರ್ಸಮ್ಮ. ಆರೋಗ್ಯ ಕೇಂದ್ರದಲ್ಲಿ ಅವಳಿಗೆ ಕೆಲಸ. ಪುಟ್ಟಿಯ ಊತ ಇಳಿದಿದೆಯಾ ಎಂದು ನೋಡಿಹೋಗಲು ಬಂದಿದ್ದಳು. ಮಗುವಿಲ್ಲದ ಮನೆಯಲ್ಲಿ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಕೂತದ್ದನ್ನು ಕಂಡು ಪಕ್ಕದಲ್ಲೇ ಕೂತಳು. ಅಜ್ಜಿ ಎಲ್ಲವನ್ನೂ ಹೇಳಿಕೊಂಡಳು.

"ಅಜ್ಜಿ, ನಿಮ್ಮ ಕೈಯ ಮಾತು ಬಿಟ್ಟಾಕಿ. ಅಂಗಡಿಯಿಂದ ಏನೇನು ತಂದಿದೀರಿ? ಪೊಟ್ಟಣಗಳನ್ನ ಕೊಡಿ, ಹಿಂದೆ ಬರೆದಿರೋದನ್ನ ನೋಡೋಣ."

"ಪೊಟ್ಟಣ ಎಲ್ಲಿಂದ ತರ್ಲಿ? ತಂದ ದಿನವೇ ಎಸೀತೀನಿ."

"ಅಯ್ಯೋ! ಒಂದೂ ಇಲ್ವಾ?"

"ಕಸ ಇಟ್ಕೊಂಡು ಪೂಜೆ ಮಾಡ್ಲಾ?" ಅಜ್ಜಿಗೆ ಅಂಥ ಹೊತ್ತಿನಲ್ಲೂ ತನ್ನ ಅಡುಗೆಮನೆಯ ಮೇಲೆ ಮಾತು ಬಂದರೆ ಸಹಿಸಲಾಗುತ್ತಿರಲಿಲ್ಲ. "ನಾನು ತರೋದೆಲ್ಲ ಮೊದಲಿಂದ ತರೋದೇ. ಹೊಸದು ಒಂದೂ ಇಲ್ಲ. ಅಷ್ಟು ದೊಡ್ಡ ಕಂಪನಿಯವರು ಮಕ್ಕಳ ತಿಂಡೀಲಿ ಹಾಳುಮೂಳು ಹಾಕ್ತಾರಾ?"

"ಹಾಳುಮೂಳು ಅಲ್ಲಜ್ಜಿ. ಬೇರೆಯವರಿಗೆ ಒಳ್ಳೇದೇ, ನಮ್ಮ ಪುಟ್ಟಿಗೆ ಮಾತ್ರ ಆಗಲ್ಲ. ಪೊಟ್ಟಣ ಅದೇ ಇದ್ರೂ ಒಳಗಿನ ಸಾಮಾನು ಬದಲಾಗಬಹುದು."

ನರ್ಸಮ್ಮ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ನೋಡುತ್ತ ಬಂದಳು. ಬಿಸ್ಕತ್ತಿನ ಡಬ್ಬಿಯನ್ನು ತಟ್ಟೆಗೆ ಸುರಿದಾಗ ಅವಳ ಕೈ ನಿಂತಿತು. "ಇವು ಯಾಕೆ ಎರಡು ಥರ ಇವೆ?"

ಅಜ್ಜಿ ಬಗ್ಗಿ ನೋಡಿದಳು. ಹೌದಲ್ಲ! ಕೆಲವು ದಪ್ಪ, ಬಿಳಿಚು. ಕೆಲವು ತೆಳು, ಸ್ವಲ್ಪ ಕಂದು. ಎಲ್ಲದರ ಮೇಲೂ ಅದೇ ಮೊಲದ ಅಚ್ಚು.

"ತಿಂದು ನೋಡಿದೀರಾ?"

"ಮಗುವಿನ ಪಾಲು ನಾನ್ಯಾಕೆ ತಿನ್ಲಿ?"

"ಇವತ್ತು ತಿನ್ನಿ."

ಅಜ್ಜಿ ದಪ್ಪನೆಯದನ್ನು ಕಚ್ಚಿದಳು. ಹಾಲು, ಸಕ್ಕರೆ, ಮತ್ತೇನಿಲ್ಲ. ತೆಳ್ಳನೆಯದನ್ನು ಕಚ್ಚಿದಳು. ಮೊದಲು ಎಸೆನ್ಸಿನ ಘಮ ಬಂತು. ಅದರ ಹಿಂದಿನಿಂದ ಇನ್ನೊಂದು ರುಚಿ ನಾಲಿಗೆಗೆ ತಾಗಿತು. ಅಜ್ಜಿ ಅಗಿಯುವುದನ್ನು ನಿಲ್ಲಿಸಿದಳು. ಎಷ್ಟೋ ಸಂಜೆ ಹೊಸ್ತಿಲಲ್ಲಿ ಕೂತು ತಿಂದ ರುಚಿ ಅದು. ಸಾವಿರ ಸಾಮಾನಿನ ನಡುವೆ ಬಚ್ಚಿಟ್ಟರೂ ಅವಳ ನಾಲಿಗೆ ಅದನ್ನು ಬಿಡುತ್ತಿರಲಿಲ್ಲ.

"ಕಡಲೆಬೀಜ," ಎಂದಳು. "ನರ್ಸಮ್ಮ, ಇದ್ರಲ್ಲಿ ಕಡಲೆಬೀಜ ಇದೆ ಕಣೇ! ನಾನಲ್ಲ! ನಾನು ಮರೆತಿಲ್ಲ, ನಾನು ತಿಂದಿಲ್ಲ!"

"ನೀವಲ್ಲಜ್ಜಿ. ಹಳೇದು ಹೊಸದು ಒಂದೇ ಡಬ್ಬೀಲಿ ಬೆರೆತಿದೆ. ಹಳೇದು ಕೈಗೆ ಬಂದ ದಿನ ಪುಣ್ಯಕ್ಕೆ ಏನೂ ಆಗಿಲ್ಲ. ಹೊಸದು ಬಂದ ದಿನ ಊದಿದೆ."

ಅಜ್ಜಿಗೆ ಅರ್ಧ ಜೀವ ಬಂತು. ಬಂದ ಜೀವ ಮರುಕ್ಷಣವೇ ಹಾರಿಹೋಯಿತು. "ಅಯ್ಯಯ್ಯೋ! ಸೊಸೆ ಇವತ್ತು ಪುಟ್ಟ ಡಬ್ಬಿಗೆ ತುಂಬಿಕೊಂಡು ಹೋಗಿದ್ದು ಇದನ್ನೇ!"

ನರ್ಸಮ್ಮ ಫೋನ್ ಹಚ್ಚಿದಳು. ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ಲಾಂಡ್ರಿಯ ಯಂತ್ರಗಳ ಸದ್ದಿನಲ್ಲಿ ಪಕ್ಕದವರು ಕೂಗಿದರೂ ಕೇಳುವುದಿಲ್ಲ, ಇನ್ನು ಚೀಲದೊಳಗಿನ ಫೋನ್ ಎಲ್ಲಿ ಕೇಳಬೇಕು? ನರ್ಸಮ್ಮ ಸ್ಕೂಟರ್ ತೆಗೆದಳು. ಬದುಕಿನಲ್ಲಿ ಎಂದೂ ಸ್ಕೂಟರ್ ಹತ್ತುವುದಿಲ್ಲ ಎಂದು ಗಂಡನಿಗೇ ಖಡಕ್ಕಾಗಿ ಹೇಳಿದ್ದ ಅಜ್ಜಿ ಆವತ್ತು ನರ್ಸಮ್ಮನ ಸೊಂಟ ಹಿಡಿದು ಹಿಂದೆ ಕೂತಳು.

"ಇನ್ನೂ ಜೋರಾಗಿ ಹೋಗೇ!" ಎಂದು ದಾರಿಯುದ್ದಕ್ಕೂ ಕೂಗಿದವಳೂ ಅವಳೇ.

ಲಾಂಡ್ರಿಯೊಳಗೆ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಬಿಳಿ ಚಾದರಗಳ ಗಂಟುಗಳು ರಾಶಿ ಬಿದ್ದಿದ್ದವು. ಆ ಗಂಟುಗಳ ಮೇಲೆ ಪುಟ್ಟಿ ಕಾಲು ಚಾಚಿ ಕೂತಿದ್ದಳು. ತೊಡೆಯ ಮೇಲೆ ತೆರೆದ ಡಬ್ಬಿ. ಕೈಯಲ್ಲೊಂದು ತೆಳ್ಳನೆಯ ಬಿಸ್ಕತ್ತು. ಗೊಂಬೆಗೆ ಮೊದಲು ತಿನ್ನಿಸಿ ಆಮೇಲೆ ತಾನು ತಿನ್ನುವುದು ಅವಳ ಆಟ. ಗೊಂಬೆಗೆ ಹಸಿವಿಲ್ಲವೆಂದು ಇನ್ನೂ ಪುಸಲಾಯಿಸುತ್ತಿದ್ದಳು.

"ಪುಟ್ಟೀ, ಬೇಡ! ಬಾಯಿಗಿಡಬೇಡ!"

ಅಜ್ಜಿ ಹೇಗೆ ಓಡಿದಳೋ ಅವಳಿಗೇ ಗೊತ್ತಿಲ್ಲ. ಬಿಸ್ಕತ್ತು ಕಿತ್ತು, ಡಬ್ಬಿ ಕಿತ್ತು, ಮಗುವನ್ನು ಎದೆಗೊತ್ತಿಕೊಂಡಳು. ನರ್ಸಮ್ಮ ಪುಟ್ಟಿಯ ಬಾಯಿ, ತುಟಿ, ಕತ್ತು ಎಲ್ಲ ನೋಡಿ, ಕೈ ಚೆನ್ನಾಗಿ ಸೋಪು ಹಾಕಿ ತೊಳೆಸಿದಳು. "ತಿಂದಿಲ್ಲ. ಒಂದು ಚೂರೂ ತಿಂದಿಲ್ಲ. ಪಾರಾದ್ವಿ," ಎಂದಳು.

ಇಸ್ತ್ರಿ ಮೇಜಿನಿಂದ ಓಡಿಬಂದ ಸೊಸೆಗೆ ಏನೂ ಅರ್ಥವಾಗಲಿಲ್ಲ. ನರ್ಸಮ್ಮ ಎರಡು ಥರದ ಬಿಸ್ಕತ್ತನ್ನೂ ತೋರಿಸಿ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಸೊಸೆಯ ಮುಖ ಬಿಳಿಚಿಕೊಂಡಿತು. ಚಾದರದ ಗಂಟಿನ ಮೇಲೆ ಕುಸಿದು ಕೂತಳು.

"ನಿಮ್ಮ ಕೈಯಿಂದ ಬಿಡಿಸ್ಕೊಂಡು ಬಂದೆ ಅತ್ತೆ. ಬಂದು ನನ್ನ ಕೈಯಾರೆ ಕೊಟ್ಟೆ. ಇವತ್ತು ಏನಾದ್ರೂ ಆಗಿದ್ರೆ ಅದು ನನ್ನಿಂದಾನೇ ಆಗ್ತಿತ್ತು." ಅತ್ತೆಯ ಕಾಲು ಮುಟ್ಟಲು ಬಗ್ಗಿದಳು.

"ಏಳು, ಎಲ್ಲರೂ ನೋಡ್ತಿದಾರೆ," ಎಂದಳು ಅಜ್ಜಿ. ಸೊಸೆಯ ತಲೆಯನ್ನು ಮಾತ್ರ ಬಿಡದೆ ತನ್ನ ಹೆಗಲಿಗೆ ಒತ್ತಿಕೊಂಡಳು. "ನಿಂದೂ ತಪ್ಪಲ್ಲ, ನಂದೂ ತಪ್ಪಲ್ಲ. ಇಬ್ಬರಿಗೂ ಗೊತ್ತಿರಲಿಲ್ಲ. ಆದ್ರೆ ಅನುಮಾನ ಪಟ್ಟೆಯಲ್ಲ, ಅದಕ್ಕೆ ಮಾತ್ರ ನಿಂಗೆ ಒಂದು ವಾರ ಪಾತ್ರೆ ತೊಳೆಯೋ ಶಿಕ್ಷೆ." ಸೊಸೆ ಅಳುತ್ತಲೇ ನಕ್ಕಳು. ಯಂತ್ರದ ಪಕ್ಕದಲ್ಲಿ ನಿಂತವರೂ ನಕ್ಕರು. ಅಜ್ಜಿಗೆ ಎದೆಯ ಮೇಲಿದ್ದ ಬಂಡೆ ಇಳಿಸಿದಷ್ಟು ಹಗುರವಾಯಿತು.

ಸಂಜೆ ಎಲ್ಲರೂ ಒಟ್ಟಿಗೆ ದೊಡ್ಡ ಅಂಗಡಿಗೆ ಹೋದರು. ನರ್ಸಮ್ಮ ಹಳದಿ ಪೊಟ್ಟಣವೊಂದನ್ನು ತೆಗೆದು ಅಂಗಡಿಯ ಮ್ಯಾನೇಜರನ್ನು ಕರೆಸಿದಳು. ಚೀಟಿ ಕಿತ್ತು ತೋರಿಸಿ ಎಂದಳು. ಅವನು ಹಿಂದೆಮುಂದೆ ನೋಡಿ ಉಗುರಿನಿಂದ ಕಿತ್ತ. ನರ್ಸಮ್ಮ ಫೋನಿನ ಕ್ಯಾಮೆರಾ ಹಿಡಿದು ಅಕ್ಷರ ದೊಡ್ಡದು ಮಾಡಿದಳು. ಸೊಸೆ ಗಟ್ಟಿಯಾಗಿ ಓದಿದಳು. ಗೋಧಿ ಹಿಟ್ಟು, ಸಕ್ಕರೆ, ಎಣ್ಣೆ, ಕಡಲೆಬೀಜದ ಹಿಟ್ಟು. ಕೆಳಗೆ ದಪ್ಪ ಅಕ್ಷರದಲ್ಲಿ, ಕಡಲೆಬೀಜ ಆಗದವರು ತಿನ್ನಬಾರದು ಎಂಬ ಎಚ್ಚರಿಕೆಯೂ ಇತ್ತು. ಸರಿಯಾಗಿ ಅದರ ಮೇಲೆಯೇ ಉಚಿತದ ಚೀಟಿ ಕೂತಿತ್ತು.

"ನೋಡಪ್ಪ," ಎಂದಳು ಅಜ್ಜಿ. "ಬರೆಯೋರು ಬರೆದಿದಾರೆ. ನೀವು ಮುಚ್ಚಿದೀರಿ."

"ಬೇಕೂಂತ ಮಾಡಿದ್ದಲ್ಲ ಅಜ್ಜಿ. ಚೀಟಿ ಹಾಕೋಕೆ ಬೇರೆ ಜಾಗ ಎಲ್ಲಿದೆ? ಮುಂದುಗಡೆ ಪೂರ್ತಿ ಮೊಲ ಇದೆ."

"ಮೊಲದ ಹೊಟ್ಟೆ ಮೇಲೆ ಅಂಟಿಸು. ಅದಕ್ಕೇನೂ ನೋಯಲ್ಲ."

ಮ್ಯಾನೇಜರ್ ನಗು ತಡೆಯಲಾರದೆ ಹೋದ. ಆದರೆ ಅಜ್ಜಿಯ ಸೊಂಟಕ್ಕೆ ಅಂಟಿಕೊಂಡು ನಿಂತಿದ್ದ ಪುಟ್ಟಿಯನ್ನು ಕಂಡು, ಅವಳ ಕಣ್ಣ ಸುತ್ತ ಇನ್ನೂ ಇಳಿಯದ ಊತವನ್ನು ಕಂಡು, ನಗು ನಿಂತಿತು. ಕೆಲಸದವರನ್ನು ಕರೆದು ಆ ಸಾಲಿನ ಚೀಟಿಗಳನ್ನೆಲ್ಲ ಕಿತ್ತು ಮುಂದುಗಡೆ ಹಾಕಿಸಿದ. "ಇನ್ಮೇಲೆ ಓದೋಕಾಗದೆ ಇದ್ರೆ ನನ್ನನ್ನ ಕರೀರಿ ಅಜ್ಜಿ, ಓದಿ ಹೇಳ್ತೀನಿ," ಎಂದ.

"ಕರೆಯೋಕೆ ಮನುಷ್ಯರು ಕಣ್ಣಿಗೆ ಬೀಳಬೇಕಲ್ಲಪ್ಪ!" ಎಂದಳು ಅಜ್ಜಿ.

ದಾರಿಯಲ್ಲಿ ಅಜ್ಜಿ ಕೇಳಿದಳು, "ಅಲ್ಲ ನರ್ಸಮ್ಮ, ಹಾಗಾದ್ರೆ ನನ್ನ ಡಬ್ಬಿಗಳನ್ನೆಲ್ಲ ಎಸೀಬೇಕಾ?"

"ಯಾರು ಹೇಳಿದ್ರು? ಡಬ್ಬಿ ಇರ್ಲಿ. ಈಗಿರೋ ಬಿಸ್ಕತ್ತು ಮಾತ್ರ ಎಲ್ಲ ಹೋಗ್ಲಿ, ಡಬ್ಬಿ ಚೆನ್ನಾಗಿ ತೊಳೀರಿ. ಇನ್ನು ಮೇಲೆ ಹಳೇದು ಮುಗೀದೆ ಹೊಸದು ಸುರೀಬೇಡಿ. ಮತ್ತೆ ಪೊಟ್ಟಣದ ಹಿಂಭಾಗ ಇದೆಯಲ್ಲ, ಅದನ್ನ ಕತ್ತರಿಸಿ ಡಬ್ಬಿ ಒಳಗೇ ಇಡಿ. ನಾಳೆ ಏನಾದ್ರೂ ಆದ್ರೆ ಅದನ್ನ ಹಿಡ್ಕೊಂಡೇ ಆಸ್ಪತ್ರೆಗೆ ಓಡಬಹುದು. ತುಟಿ ಊದಿ, ಉಸಿರಾಟಕ್ಕೆ ಕಷ್ಟ ಆದ್ರೆ ಮನೆಮದ್ದು ಅಂತ ಕಾಯಬಾರದು, ತಕ್ಷಣ ಓಡಬೇಕು."

"ಮತ್ತೆ ಪ್ರತಿ ಸಲವೂ ಓದಬೇಕಾ? ಅದೇ ಪೊಟ್ಟಣ ಆದ್ರೂ?"

"ಅದೇ ಪೊಟ್ಟಣ ಆದ್ರೂ. ಮುಂದುಗಡೆ 'ಹೊಸದು', 'ಇನ್ನಷ್ಟು ರುಚಿ' ಅಂತ ಕಂಡ್ರೆ ಎರಡು ಸಲ ಓದಬೇಕು."

ಅಜ್ಜಿ ಮೆಲ್ಲಗೆ ಹೇಳಿದಳು, "ಅಕ್ಷರ ಕಾಣಲಿಲ್ಲ ಅಂತ ಅವತ್ತೇ ಯಾರನ್ನಾದ್ರೂ ಕೇಳಬಹುದಿತ್ತು. ನಾಚಿಕೆ ಆಯ್ತು ಕಣೇ. ವಯಸ್ಸಾದೋಳು ಅಂತ ಗೊಣಗ್ತಾರೆ ಅಂತ."

"ಇನ್ನು ನಾನಿದೀನಲ್ಲ ಅತ್ತೆ," ಎಂದಳು ಸೊಸೆ. "ವಾರಕ್ಕೊಂದು ಸಲ ಇಬ್ಬರೂ ಒಟ್ಟಿಗೆ ಹೋಗೋಣ. ನೀವು ಆರಿಸಿ, ನಾನು ಓದ್ತೀನಿ. ಆ ಯಂತ್ರದ ಜೊತೆ ಜಗಳ ಮಾತ್ರ ನೀವೇ ಆಡಿ."

ಮರುದಿನ ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೊರಟಾಗ ಅಜ್ಜಿ ಬಾಗಿಲ ಹತ್ತಿರ ನಿಂತಿದ್ದಳು. ಮಗುವನ್ನು ಬಿಟ್ಟುಹೋಗುತ್ತಾಳೋ ಇಲ್ಲವೋ ಎಂದು ಒಳಗೊಳಗೇ ಅಳುಕು. ಸೊಸೆ ಚಪ್ಪಲಿ ಮೆಟ್ಟಿ, ಪುಟ್ಟಿಯನ್ನು ಎತ್ತಿ ಅತ್ತೆಯ ಕಂಕುಳಿಗೆ ಕೊಟ್ಟಳು. "ಹಾಲು ಕುಡಿದಿಲ್ಲ. ನನ್ನ ಕೈಲಿ ಬೇಡವಂತೆ. ನಿಮ್ಮ ಕೈಲೇ ಆಗಬೇಕಂತೆ," ಎಂದು ಹೇಳಿ, ತಿರುಗಿ ನೋಡದೆ ಬೀದಿಗಿಳಿದಳು. ತಿರುಗಿದರೆ ಅಳು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅಜ್ಜಿ ಮಾತ್ರ ಮುಚ್ಚುಮರೆಯಿಲ್ಲದೆ ಅತ್ತಳು, ಅಳುತ್ತಲೇ ಮೊಮ್ಮಗಳಿಗೆ ಹಾಲು ಕುಡಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ಅಜ್ಜಿ ತಾತಂದಿರೇ! ಅಂಗಡಿಯ ಗಲಾಟೆ, ಸಣ್ಣ ಅಕ್ಷರ, ಮೇಲೊಂದು ಚೀಟಿ, ಹಿಂದೆ ನಿಂತವರ ಲೊಚಗುಟ್ಟುವಿಕೆ, ಇವೆಲ್ಲ ನಿಮಗೂ ಗೊತ್ತಿರುವ ಕಷ್ಟಗಳೇ. ಆದರೂ ಪೊಟ್ಟಣವನ್ನು ಗಾಡಿಗೆ ಹಾಕುವ ಮುಂಚೆ ಒಮ್ಮೆ ತಿರುಗಿಸಿ. ಮನೆಯಲ್ಲಿ ಯಾರಿಗೆ ಏನು ಆಗುವುದಿಲ್ಲವೋ ಅದು ಒಳಗಿದೆಯಾ ಎಂದು ನೋಡಿ. ಕಾಣದಿದ್ದರೆ ಫೋನಿನಲ್ಲಿ ದೊಡ್ಡದು ಮಾಡಿ, ಇಲ್ಲವೇ ಪಕ್ಕದವರನ್ನು ಕೇಳಿ. ಚೀಟಿ ಅಡ್ಡ ಬಂದರೆ ಕೀಳಿಸಿ. ಕೊಳ್ಳುವವರು ನೀವು, ಒಳಗೆ ಏನಿದೆ ಎಂದು ಕೇಳುವ ಹಕ್ಕು ನಿಮ್ಮದು. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ, ಅವರ ಮನೆಯಲ್ಲೂ ಒಬ್ಬಳು ಪುಟ್ಟಿ ಇರಬಹುದು.